‘ಇವನೇನು ಮಾಡ್ತಿದ್ದಾನೆ?’ ಎಂಬ ಅಳತೆಗೋಲು

ಆಸ್ಟ್ರೇಲಿಯಾದ ಹಾರ್ನೆಸ್ ರೇಸಿಂಗ್ ನಿಯಮಾವಳಿಯ 149ನೇ ನಿಯಮದ ಮೊದಲ ಎರಡು ಉಪನಿಯಮಗಳು ಅಕ್ಕಪಕ್ಕದಲ್ಲೇ ಇದ್ದರೂ ಸ್ವಭಾವದಲ್ಲಿ ಬೇರೆ ಬೇರೆ. ಗೆಲ್ಲಲು ಅಥವಾ ದಕ್ಕಬಹುದಾದ ಅತ್ಯುತ್ತಮ ಸ್ಥಾನ ಪಡೆಯಲು ಕುದುರೆಗೆ ಪೂರ್ತಿ ಅವಕಾಶ ಸಿಗಬೇಕು, ಅದಕ್ಕಾಗಿ ಚಾಲಕ ನಿಯಮದೊಳಗಿನ ಎಲ್ಲ ಯತ್ನವನ್ನೂ ಮಾಡಬೇಕು ಎನ್ನುತ್ತದೆ ಮೊದಲನೆಯದು. ಎರಡನೆಯದು ತೀರಾ ಚುಟುಕು: ಸ್ಟೀವರ್ಡ್‌ಗಳ, ಅಂದರೆ ಓಟದ ಮೇಲೆ ಕಣ್ಣಿಡುವ ಅಧಿಕಾರಿಗಳ, ಅಭಿಪ್ರಾಯದಲ್ಲಿ ಒಪ್ಪಲಾಗದ ರೀತಿಯಲ್ಲಿ ಯಾರೂ ಗಾಡಿ ಓಡಿಸಬಾರದು. ನ್ಯೂಜಿಲೆಂಡಿನ 868ನೇ ನಿಯಮದ ಎರಡನೇ ಉಪನಿಯಮವೂ ಹೆಚ್ಚುಕಡಿಮೆ ಆ ಮೊದಲ ಮಾತನ್ನೇ ಆಡುತ್ತದೆ. ಈ ಸಾಲುಗಳ ಸುತ್ತ ವರ್ಷಗಳಿಂದ ರಾಶಿಬಿದ್ದಿರುವ ಶಿಸ್ತುಕ್ರಮದ ತೀರ್ಪುಗಳು ಒಂದು ವಿಚಿತ್ರ ಸಾಹಿತ್ಯ. ಎರಡು ಮೂರು ನಿಮಿಷದಲ್ಲಿ ಮುಗಿದುಹೋದ ಓಟವೊಂದರ ಬಗ್ಗೆ ಪುಟಗಟ್ಟಲೆ ಬರೆದ ವಿಮರ್ಶೆಗಳು ಅವು. ವಿಮರ್ಶೆಯೆಂದಮೇಲೆ ಅವನ್ನೂ ವಿಮರ್ಶೆಗೆ ಒಡ್ಡಬಹುದು.

ಬೆಂಗಳೂರು, ಮೈಸೂರಿನ ರೇಸ್‌ಕೋರ್ಸ್ ಕಂಡವರಿಗೆ ಬೆನ್ನೇರಿ ಕೂರುವ ಜಾಕಿ ಗೊತ್ತು. ಹಾರ್ನೆಸ್ ರೇಸಿನಲ್ಲಿ ಬೆನ್ನ ಮೇಲೆ ಯಾರೂ ಇರುವುದಿಲ್ಲ. ಸಲ್ಕಿ ಎಂಬ ಹಗುರವಾದ ಎರಡು ಚಕ್ರದ ಗಾಡಿಯಲ್ಲಿ, ಕುದುರೆಯ ಬಾಲಕ್ಕೆ ಮುಖ ತಾಗುವಷ್ಟು ಹತ್ತಿರ ಕೂತು ಚಾಲಕ ಲಗಾಮು ಹಿಡಿಯುತ್ತಾನೆ. ಓಡುವುದು ಸ್ಟ್ಯಾಂಡರ್ಡ್‌ಬ್ರೆಡ್ ತಳಿಯ ಕುದುರೆ. ಪೇಸರ್ ಆದರೆ ಒಂದೇ ಮಗ್ಗುಲಿನ ಮುಂಗಾಲು ಹಿಂಗಾಲು ಒಟ್ಟಿಗೆ ಚಲಿಸಬೇಕು, ಟ್ರಾಟರ್ ಆದರೆ ಎಡ ಮುಂಗಾಲಿಗೆ ಬಲ ಹಿಂಗಾಲು ಜೊತೆಗೂಡಬೇಕು. ನಡೆ ತಪ್ಪಿ ನಾಗಾಲೋಟಕ್ಕೆ ಬಿದ್ದರೆ ಚಾಲಕ ಅದನ್ನು ಹಿಂದಕ್ಕೆಳೆದು ನಡೆಗೆ ತರಲೇಬೇಕು, ಅಷ್ಟರಲ್ಲಿ ಓಟ ಕೈತಪ್ಪಿರುತ್ತದೆ. ಹಾಗಾಗಿ ಇಲ್ಲಿ ತಡೆದು ಹಿಡಿಯುವುದೂ ಪ್ರಯತ್ನದ ಭಾಗವೇ. ಪ್ರಯತ್ನ ಸಾಲದು ಎಂದು ತೀರ್ಪು ಕೊಡುವ ಕೆಲಸ ಇದರಿಂದ ಇನ್ನಷ್ಟು ಜಟಿಲವಾಗುತ್ತದೆ.

ಓಟದ ಲೆಕ್ಕಾಚಾರವೂ ಸರಳವಲ್ಲ. ಒಳಬೇಲಿ ಹಿಡಿದು ಮುಂದೆ ಓಡುವವನ ದಾರಿ ಎಲ್ಲರಿಗಿಂತ ಚಿಕ್ಕದು, ಓಟದ ವೇಗವೂ ಅವನ ಕೈಯಲ್ಲೇ ಇರುತ್ತದೆ. ಅವನ ಹೊರಮಗ್ಗುಲಿನಲ್ಲಿ, ಎದುರಿನ ಗಾಳಿಗೆ ಯಾವ ಮರೆಯೂ ಇಲ್ಲದೆ ಓಡುವ ಜಾಗವನ್ನು ಆಸ್ಟ್ರೇಲಿಯಾದವರು ‘ಡೆತ್ ಸೀಟ್’ ಎನ್ನುತ್ತಾರೆ. ಹಿಂದೆ ಬೇಲಿಗೆ ಅಂಟಿಕೊಂಡವನಿಗೆ ಶ್ರಮ ಕಡಿಮೆ, ಆದರೆ ಎದುರಿನ ಕುದುರೆ ಸುಸ್ತಾದರೆ ಅದರ ಬೆನ್ನಿಗೆ ಸಿಕ್ಕಿಕೊಂಡು ಹೊರಬರಲಾರದೆ ಒದ್ದಾಡುತ್ತಾನೆ. ಇದರ ಜೊತೆಗೆ ಈ ಕ್ರೀಡೆಯಲ್ಲಿ ಚಾಲಕನೇ ಎಷ್ಟೋ ಸಲ ಟ್ರೇನರ್ ಕೂಡ, ಕೆಲವೊಮ್ಮೆ ಕುದುರೆಯ ಪಾಲುದಾರನೂ ಹೌದು. ಒಂದೇ ಲಾಯದ ಎರಡು ಮೂರು ಕುದುರೆಗಳು ಒಂದೇ ಓಟದಲ್ಲಿ ಇರುವುದೂ ಮಾಮೂಲು.

ಇಂಥ ವಿಚಾರಣೆಗಳಲ್ಲಿ ಮತ್ತೆಮತ್ತೆ ಬರುವ ಒಂದು ಸನ್ನಿವೇಶವನ್ನು ಮಾದರಿಗೆಂದು ಹೀಗೆ ಕಲ್ಪಿಸಿಕೊಳ್ಳಬಹುದು. ಫೇವರಿಟ್ ಕುದುರೆ ಮುಂದೆ ಹೋಗಿ ಒಂದು 400 ಮೀಟರನ್ನು 31 ಸೆಕೆಂಡಿನಲ್ಲಿ ಆರಾಮವಾಗಿ ಕಳೆಯುತ್ತದೆ. ಡೆತ್ ಸೀಟಿನಲ್ಲಿರುವವನು ಬಾಜಿಯ ಎರಡನೇ ಆಯ್ಕೆಯ ಕುದುರೆಯನ್ನು ಓಡಿಸುತ್ತಿದ್ದಾನೆ. ಅವನು ಮುಂದಿನವನ ಮೇಲೆ ಯಾವ ಒತ್ತಡವನ್ನೂ ಹಾಕುವುದಿಲ್ಲ. ಕೊನೆಯ 400 ಮೀಟರನ್ನು 27 ಸೆಕೆಂಡಿನಲ್ಲಿ ಓಡಿ ಫೇವರಿಟ್ ಗೆಲ್ಲುತ್ತದೆ. ಆ ವೇಗಕ್ಕೆ ಹಿಂದಿನಿಂದ ಬಂದು ಹಿಡಿಯುವುದು ಯಾವ ಕುದುರೆಗೂ ಕಷ್ಟ. ಸ್ಟೀವರ್ಡ್ ಕೇಳುತ್ತಾನೆ: “ಅವನಿಗೆ ಅಷ್ಟು ಸುಲಭದ ಓಟ ಏಕೆ ಬಿಟ್ಟುಕೊಟ್ಟೆ?” ಚಾಲಕ ಹೇಳುತ್ತಾನೆ: “ನನ್ನ ಕುದುರೆಗೆ ಇರುವುದು ಒಂದೇ ಸಲದ ರಭಸ. ಬೇಗ ಖರ್ಚು ಮಾಡಿದರೆ ನಿಂತೇಬಿಡುತ್ತದೆ.” ಇಬ್ಬರ ಮಾತೂ ನಿಜವಿರಬಹುದು.

ಒಳ್ಳೆಯ ತೀರ್ಪು ಯಾವುದು ಎಂಬುದು ಗೊತ್ತಾಗುವುದು ಇಲ್ಲಿ. ಚಾಲಕನಿಗೆ ಯಾವ ಜಾಗದಲ್ಲಿ, ಎಷ್ಟು ಮೀಟರ್ ಉಳಿದಿದ್ದಾಗ, ಇನ್ನೊಂದು ಯಾವ ದಾರಿ ತೆರೆದಿತ್ತು ಎಂದು ಅದು ಬೆರಳಿಟ್ಟು ತೋರಿಸುತ್ತದೆ. 400 ಮೀಟರಿಗೊಮ್ಮೆ ದಾಖಲಾದ ಸಮಯವನ್ನು ಮುಂದಿಡುತ್ತದೆ. ಅದೇ ಕುದುರೆಯ ಹಿಂದಿನ ಓಟಗಳನ್ನು ತೆಗೆದು ನೋಡುತ್ತದೆ: ಹಿಂದೆಯೂ ಕಾದು ಕೂತೇ ಗೆದ್ದಿದೆಯೋ, ಅಥವಾ ಮುಂದೆ ಒತ್ತಿಕೊಂಡು ಹೋಗಿ ಗೆದ್ದದ್ದೇ ಹೆಚ್ಚೋ? ಕೆಟ್ಟ ತೀರ್ಪು “ವಿಡಿಯೋ ನೋಡಿದರೆ ಸ್ಪಷ್ಟವಾಗಿದೆ” ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ. ವಿಡಿಯೋದಲ್ಲಿ ಸ್ಪಷ್ಟವಾಗಿದ್ದರೆ ವಿಚಾರಣೆ ಯಾಕೆ ಬೇಕಿತ್ತು ಸ್ವಾಮಿ?

ಈ ಗೊಂದಲದ ನಡುವೆ ಆಸ್ಟ್ರೇಲಿಯಾದ ಮೇಲ್ಮನವಿ ತೀರ್ಪುಗಳಲ್ಲಿ ಒಂದು ಅಳತೆಗೋಲು ಬೆಳೆದುಬಂದಿದೆ. ಬರಿಯ ತಪ್ಪು ಅಂದಾಜು ಅಪರಾಧವಲ್ಲ, ಓಟವನ್ನು ಬಲ್ಲ, ಸಮಚಿತ್ತದ ಪ್ರೇಕ್ಷಕನೊಬ್ಬ ಆ ಗಳಿಗೆಯಲ್ಲಿ “ಅಯ್ಯೋ, ಇವನೇನು ಮಾಡ್ತಿದ್ದಾನೆ?” ಎಂದು ಉದ್ಗರಿಸುವಂತಿದ್ದರೆ ಅದು ಶಿಕ್ಷೆಗೆ ಅರ್ಹ ಎಂಬುದು ಅದರ ಸಾರ. ಕೇಳಿದೊಡನೆ ನಗು ಬರುತ್ತದೆ. ಕಾನೂನಿನ ಮಾತೋ, ಗ್ಯಾಲರಿಯ ಮಾತೋ? ಆದರೆ ಇದು ಮೇಲುನೋಟಕ್ಕೆ ಕಾಣುವುದಕ್ಕಿಂತ ಜಾಣತನದ್ದು. ಫಲಿತಾಂಶ ಗೊತ್ತಾದ ಮೇಲೆ ಎಲ್ಲರೂ ಪಂಡಿತರೇ. ಈ ಅಳತೆಗೋಲು ತೀರ್ಪುಗಾರನನ್ನು ಫಲಿತಾಂಶದಿಂದ ಹಿಂದಕ್ಕೆ ಕರೆದುಕೊಂಡು ಹೋಗಿ, ನಿರ್ಧಾರ ತೆಗೆದುಕೊಂಡ ಕ್ಷಣದಲ್ಲಿ ನಿಲ್ಲಿಸುತ್ತದೆ. ಸೋತವರೆಲ್ಲ ಅಪರಾಧಿಗಳಾಗದಂತೆ ಕಾಯುತ್ತದೆ.

ಅಷ್ಟನ್ನು ಮೆಚ್ಚಿ, ಅದರ ಕುಂದನ್ನೂ ಹೇಳಬೇಕು. ಈ ಬಲೆಗೆ ಬೀಳುವವರು ಒರಟರು, ಎಳಸುಗಳು, ಅತಿ ಧೈರ್ಯದವರು. ಮೊದಲ ತಿರುವಿನಲ್ಲೇ ಮೂರು ಸಾಲು ಹೊರಗೆ ಸಿಕ್ಕಿಕೊಂಡು ಅಲ್ಲೇ ಉಳಿದುಬಿಟ್ಟ ಹೊಸ ಹುಡುಗ ಎಲ್ಲರಿಗೂ ಕಾಣುತ್ತಾನೆ. ಮುಂದಾಳುತನಕ್ಕಾಗಿ ಜಿದ್ದಿಗೆ ಬಿದ್ದು ಎರಡು ಕುದುರೆಗಳ ಉಸಿರನ್ನೂ ಅರ್ಧದಾರಿಯಲ್ಲೇ ತೆಗೆದುಬಿಟ್ಟವನೂ ಕಾಣುತ್ತಾನೆ. ಬೇಕೆಂದೇ ಸೋಲುವ ಪಳಗಿದ ಕೈ ಹೀಗೆ ಯಾರ ಬಾಯಿಂದಲೂ ಉದ್ಗಾರ ಹೊರಡಿಸುವುದಿಲ್ಲ. ಅವನು ಬೇಲಿ ಪಕ್ಕ ಬೆಚ್ಚಗೆ ಕೂತು, ಸುಸ್ತಾಗುವ ಕುದುರೆಯ ಹಿಂದೆ ತಾನಾಗಿಯೇ ಹೋಗಿ ನಿಂತು, ಕೊನೆಯಲ್ಲಿ “ದಾರಿ ಸಿಗಲಿಲ್ಲ ಸಾರ್” ಎನ್ನುತ್ತಾನೆ. ನೋಡಿದವರು ಪಾಪ ಎನ್ನುತ್ತಾರೆ. ಮೋಸವನ್ನು ತಡೆಯಲೆಂದು ಹುಟ್ಟಿದ ನಿಯಮ ದಿನನಿತ್ಯ ಶಿಕ್ಷಿಸುವುದು ಅಂದಗೇಡಿತನವನ್ನು. ಇದು ನನ್ನ ಮುಖ್ಯ ತಕರಾರು.

ಮೊದಲ ಉಪನಿಯಮಕ್ಕೂ ಎರಡನೆಯದಕ್ಕೂ ಇರುವ ಅಂತರ ಇಲ್ಲಿ ಮುಖ್ಯವಾಗುತ್ತದೆ. ಮೊದಲನೆಯದರಡಿ ಆರೋಪ ಹೊರಿಸಿದರೆ ಅದು ಗಂಭೀರ, ಶಿಕ್ಷೆಯೂ ಭಾರಿ. ಎರಡನೆಯದರಡಿ ಹೊರಿಸಿದರೆ ಕೆಲವು ವಾರಗಳ ಅಮಾನತಿನಲ್ಲಿ ಮುಗಿಯಬಹುದು, ಅಪ್ರಾಮಾಣಿಕತೆಯ ಮಾತೆತ್ತಬೇಕಾಗಿಯೂ ಇಲ್ಲ. ಅನುಮಾನವಿದೆ, ಪುರಾವೆಯಿಲ್ಲ ಎಂಬ ಸಂದರ್ಭದಲ್ಲಿ ಎರಡನೆಯದು ಒಳ್ಳೆಯ ಅಡಗುತಾಣ. “ಚಾಲಕನ ಪ್ರಾಮಾಣಿಕತೆಯನ್ನು ಯಾರೂ ಪ್ರಶ್ನಿಸಿಲ್ಲ” ಎಂದು ತೀರ್ಪಿನಲ್ಲಿ ಒಂದು ಸಾಲು ಬರೆದಿರುತ್ತಾರೆ. ಬಾಜಿ ಕಟ್ಟಿ ಕಳೆದುಕೊಂಡವನು ಆ ಸಾಲನ್ನು ಓದುವುದಿಲ್ಲ. “ನಾನಾಗಲೇ ಹೇಳಿರಲಿಲ್ವಾ?” ಎನ್ನುತ್ತಾನೆ. ಚಾಲಕನಿಗೆ ಕಳಂಕ ಅಂಟುತ್ತದೆ, ಕಳಂಕ ತೊಳೆಯುವ ವಿಚಾರಣೆ ಮಾತ್ರ ಸಿಗುವುದಿಲ್ಲ.

ಪುರಾವೆಯ ಮಟ್ಟದ ವಿಷಯಕ್ಕೆ ಬಂದರೆ, ಆಸ್ಟ್ರೇಲಿಯಾದ ಶಿಸ್ತು ಮಂಡಳಿಗಳು ಸಾಮಾನ್ಯವಾಗಿ 1938ರ ಬ್ರಿಗಿನ್‌ಶಾ ಪ್ರಕರಣದತ್ತ ನೋಡುತ್ತವೆ. ಅದು ಹೆಂಡತಿಯ ಮೇಲೆ ವ್ಯಭಿಚಾರದ ಆರೋಪ ಹೊರಿಸಿ ಗಂಡ ಹೂಡಿದ ವಿಚ್ಛೇದನದ ದಾವೆ. ಆರೋಪ ಎಷ್ಟು ಗಂಭೀರವೋ ಪುರಾವೆಯೂ ಅಷ್ಟೇ ಗಟ್ಟಿಯಾಗಿ ಮನಸ್ಸಿಗೆ ಒಪ್ಪಿಗೆಯಾಗಬೇಕು ಎಂದು ಹೈಕೋರ್ಟ್ ಅಲ್ಲಿ ಹೇಳಿತು. ಆ ದೇಶದಲ್ಲಿ ಹೈಕೋರ್ಟೇ ಸರ್ವೋಚ್ಚ ನ್ಯಾಯಾಲಯ. ದಂಪತಿಯ ಜಗಳದಲ್ಲಿ ಹುಟ್ಟಿದ ತತ್ವ ಇಂದು ಸಲ್ಕಿಯ ಲಗಾಮು ಎಷ್ಟು ಬಿಗಿಯಿತ್ತು ಎಂಬುದನ್ನು ಅಳೆಯಲು ಬಳಕೆಯಾಗುತ್ತಿದೆ. ಈ ಮಟ್ಟವನ್ನು ನಿಷ್ಠೆಯಿಂದ ಪಾಲಿಸಿದರೆ ಮೊದಲ ಉಪನಿಯಮದಡಿ ತಪ್ಪಿತಸ್ಥರು ಸಿಗುವುದು ಅಪರೂಪ. ಎರಡನೆಯದರ ಜನಪ್ರಿಯತೆಗೆ ಇದೂ ಒಂದು ಕಾರಣವೆಂದು ನನ್ನ ಗುಮಾನಿ.

ಇನ್ನು ಕಣ್ಣಿಗೆ ಕಾಣುವ ಪ್ರಯತ್ನದ ವಿಷಯ. ಎಷ್ಟೋ ಸ್ಟ್ಯಾಂಡರ್ಡ್‌ಬ್ರೆಡ್ ಕುದುರೆಗಳ ಕಿವಿಗೆ ಸದ್ದು ಕೇಳದಂತೆ ಪ್ಲಗ್ ತುರುಕಿರುತ್ತಾರೆ. ಅದಕ್ಕೆ ಕಟ್ಟಿದ ದಾರ ಚಾಲಕನವರೆಗೆ ಬಂದಿರುತ್ತದೆ. ಕೊನೆಯ ನೇರ ಓಟದಲ್ಲಿ ದಾರ ಎಳೆದರೆ ಪ್ಲಗ್ ಕಳಚಿ, ಹಿಂದಿನ ಗೊರಸುಗಳ ಸದ್ದು, ಚಕ್ರದ ಸದ್ದು, ಜನರ ಕೂಗು ಒಮ್ಮೆಗೇ ಕಿವಿಗೆ ನುಗ್ಗಿ ಕುದುರೆ ಬೆಚ್ಚಿ ಮುನ್ನುಗ್ಗುತ್ತದೆ. ಪ್ಲಗ್ ಎಳೆಯದೆ ಕೂದಲೆಳೆಯಲ್ಲಿ ಸೋತರೆ ಸ್ಟೀವರ್ಡ್ ಕೇಳುವ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ಇಂಥ ಪ್ರಕರಣಗಳ ವಿಚಾರಣೆ ಚೊಕ್ಕವಾಗಿರುತ್ತದೆ: ಎಳೆದನೋ ಇಲ್ಲವೋ, ಅಷ್ಟೇ. ಗೆರೆ ಮುಟ್ಟುವವರೆಗೂ ಕುದುರೆಯನ್ನು ಓಡಿಸಬೇಕು, ಸ್ಥಾನ ಸಿಗುವ ಸಾಧ್ಯತೆ ಇರುವಾಗ ಸಡಿಲ ಬಿಡಬಾರದು ಎಂಬ ನ್ಯೂಜಿಲೆಂಡಿನ ಉಪನಿಯಮವೂ ಇದೇ ಜಾತಿಯದು. ಗೆದ್ದೆನೆಂದುಕೊಂಡು ಕೊನೆಯ ಹತ್ತು ಹೆಜ್ಜೆಯಲ್ಲಿ ಲಗಾಮು ಸಡಿಲಿಸಿ ಸ್ಥಾನ ಕಳೆದುಕೊಂಡವನಿಗೆ ವಾದವೇ ಉಳಿಯುವುದಿಲ್ಲ. ಕೃತ್ಯ ಕಣ್ಣೆದುರಿಗಿರುತ್ತದೆ, ಯಾರ ಮನಸ್ಸನ್ನೂ ಬಗೆಯಬೇಕಿಲ್ಲ. ನಿಯಮ ಬರೆಯುವವರು ಇಂಥವನ್ನು ಹೆಚ್ಚು ಬರೆಯಬೇಕಿತ್ತು.

ಚಾವಟಿಯ ಕತೆ ಬೇರೆಯೇ. ಚಾಲಕ ಶ್ರಮ ಹಾಕುತ್ತಿದ್ದಾನೆ ಎಂಬುದಕ್ಕೆ ಬಹುಕಾಲ ಚಾವಟಿಯೇ ಸಾಕ್ಷಿಯಾಗಿತ್ತು. ಕೈ ಬೀಸಿದವನು ಪ್ರಾಮಾಣಿಕ, ಸುಮ್ಮನೆ ಕೂತವನು ಅನುಮಾನಿತ. ಪ್ರಾಣಿದಯೆಯ ಒತ್ತಡದಿಂದ ಚಾವಟಿಯ ಮೇಲೆ ಒಂದೊಂದೇ ಕಟ್ಟುಪಾಡು ಬಂತು. 2017ರ ಸೆಪ್ಟೆಂಬರಿನಿಂದ ಪೂರ್ತಿ ನಿಷೇಧಿಸುವುದಾಗಿ ಹಾರ್ನೆಸ್ ರೇಸಿಂಗ್ ಆಸ್ಟ್ರೇಲಿಯಾ ಘೋಷಿಸಿ, ಆಮೇಲೆ ಹಿಂದೆ ಸರಿಯಿತು. ಈಗ ಚಾಲಕನ ಪಾಡು ನೋಡಿ: ಹೆಚ್ಚು ಬೀಸಿದರೆ ಒಂದು ನಿಯಮದಡಿ ದಂಡ, ಸಾಕಷ್ಟು ಹುರುಪು ತೋರದಿದ್ದರೆ ಇನ್ನೊಂದರಡಿ ವಿಚಾರಣೆ. ಹೀಗಾಗಿ ಕುದುರೆಗಿಂತ ಹೆಚ್ಚಾಗಿ ಸ್ಟೀವರ್ಡ್‌ಗಳ ಗೋಪುರಕ್ಕಾಗಿ ನಡೆಯುವ ಒಂದು ಅಭಿನಯ ಹುಟ್ಟಿಕೊಂಡಿದೆ. ಮೈಗೆ ತಾಗದಂತೆ ಗಾಡಿಯ ಮೂಕಿಗೆ ಚಾವಟಿ ಬಡಿದು ಸದ್ದೆಬ್ಬಿಸುವುದು, ಲಗಾಮನ್ನು ನಾಟಕೀಯವಾಗಿ ಅಲುಗಾಡಿಸುವುದು, ಹಿಂದಕ್ಕೆ ವಾಲಿ ಕೂಗುವುದು. ಹದವರಿತ ಚಾಲಕನೊಬ್ಬ ಬೆರಳ ತುದಿಯಲ್ಲಿ ಮಾಡುವ ಕೆಲಸ ಇದಕ್ಕಿಂತ ದೊಡ್ಡದಿರಬಹುದು. ತೀರ್ಪುಗಳ ಭಾಷೆಯಲ್ಲಿ ಅದಕ್ಕೆ ಜಾಗವಿಲ್ಲ. ಬೀಸಿದ್ದನ್ನು ಎಣಿಸಬಹುದು, ಬೆರಳನ್ನು ಎಣಿಸುವುದು ಹೇಗೆ?

ತೀರ್ಪು ಕೊಡುವವರು ಯಾರು ಎಂಬುದೂ ತೀರ್ಪಿನ ಗುಣಕ್ಕೆ ಸೇರಿದ್ದು. ಆಸ್ಟ್ರೇಲಿಯಾದಲ್ಲಿ ಬಹುಕಾಲದ ಪದ್ಧತಿಯಂತೆ ಓಟ ನೋಡಿದ ಸ್ಟೀವರ್ಡೇ ಪ್ರಶ್ನೆ ಕೇಳಿ, ಆರೋಪ ಹೊರಿಸಿ, ಶಿಕ್ಷೆಯನ್ನೂ ವಿಧಿಸುತ್ತಾನೆ; ಒಪ್ಪದವರು ಮೇಲ್ಮನವಿಗೆ ಹೋಗಬೇಕು. “ಸ್ಟೀವರ್ಡ್‌ಗಳ ಅಭಿಪ್ರಾಯದಲ್ಲಿ” ಎಂಬ ಮಾತು ನಿಯಮದಲ್ಲೇ ಇರುವಾಗ ಆ ಅಭಿಪ್ರಾಯವನ್ನು ಅಲುಗಾಡಿಸುವುದು ಸುಲಭವಲ್ಲ. ಆ ಗೋಪುರದಲ್ಲಿ ಕೂತವರೂ ಮನುಷ್ಯರೇ. 2011ರಲ್ಲಿ ನ್ಯೂ ಸೌತ್ ವೇಲ್ಸಿನಲ್ಲಿ ಬಯಲಾದ ‘ಗ್ರೀನ್ ಲೈಟ್’ ಹಗರಣದಲ್ಲಿ ಲಂಚದ ಆರೋಪ ಸ್ಟೀವರ್ಡ್‌ಗಳ ಮೇಲೆಯೇ ಬಂದಿತ್ತು. ನ್ಯೂಜಿಲೆಂಡ್ ಬೇರೆ ದಾರಿ ಹಿಡಿಯಿತು. ಅಲ್ಲಿ ಆರೋಪ ಹೊರಿಸುವವರು ಒಂದು ಕಡೆ, ತೀರ್ಪು ಕೊಡುವವರು ಇನ್ನೊಂದು ಕಡೆ. 2021ರ ಜುಲೈಯಿಂದ ಎರಡೂ ರೇಸಿಂಗ್ ಇಂಟೆಗ್ರಿಟಿ ಬೋರ್ಡ್ ಎಂಬ ಒಂದೇ ಸೂರಿನಡಿ ಬಂದರೂ ನಿರ್ಣಯ ಸಮಿತಿ ಪ್ರತ್ಯೇಕವಾಗಿಯೇ ಕೂರುತ್ತದೆ. ಅಲ್ಲಿನ ತೀರ್ಪುಗಳನ್ನು ಓದುವಾಗ ವ್ಯತ್ಯಾಸ ತಿಳಿಯುತ್ತದೆ. ಎರಡೂ ಕಡೆಯ ವಾದ ವಿವರವಾಗಿ ದಾಖಲಾಗಿರುತ್ತದೆ, ಕಾರಣವನ್ನು ಬಿಡಿಸಿ ಹೇಳುವ ತಾಳ್ಮೆಯಿರುತ್ತದೆ. ಆದರೆ ಇದರಿಂದ ಮೋಸದ ಭೂತ ಓಡಿಹೋಗಲಿಲ್ಲ. 2018ರ ಸೆಪ್ಟೆಂಬರಿನಲ್ಲಿ ‘ಆಪರೇಷನ್ ಇಂಕಾ’ ಹೆಸರಿನಲ್ಲಿ ಪೊಲೀಸರೇ ಲಾಯಗಳ ಮೇಲೆ ದಾಳಿ ಮಾಡಬೇಕಾಯಿತು. ಅಂಥ ತನಿಖೆಗೆ ಬೇಕಿರುವುದು ಫೋನ್ ದಾಖಲೆ, ಬಾಜಿಯ ಲೆಕ್ಕ. ಲಗಾಮಿನ ಬಿಗಿ ನೋಡಿ ಸಂಚು ಪತ್ತೆಯಾಗುವುದಿಲ್ಲ.

ಸರ್ಕಾರದ ಒಪ್ಪಿಗೆಯ ಬಾಜಿಯೊಂದಿಗೆ ನಡೆಯುವ ಹಾರ್ನೆಸ್ ರೇಸ್ ನಮ್ಮಲ್ಲಿಲ್ಲ. ಆದರೂ ಈ ಚರ್ಚೆ ನಮಗೆ ಸಂಬಂಧವಿಲ್ಲದ್ದಲ್ಲ. ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ 1996ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕುದುರೆ ರೇಸು ಅದೃಷ್ಟದಾಟವಲ್ಲ, ಕೌಶಲದ ಆಟ ಎಂದಿತು. ಅದರಲ್ಲಿ ಕುದುರೆಯ ತರಬೇತಿಯೂ ಜಾಕಿಯ ಕೌಶಲವೂ ಲೆಕ್ಕಕ್ಕೆ ಬಂದವು. ಜಾಕಿ ಮನಸ್ಸಿಟ್ಟು ಓಡಿಸುತ್ತಾನೆ ಎಂಬ ನಂಬಿಕೆ ಕುಸಿದರೆ ಆ ವಾದದ ಒಂದು ಕಾಲೂ ಕುಸಿಯುತ್ತದೆ.

ಶಿಕ್ಷೆಯ ಬಗ್ಗೆ ಒಂದು ಮಾತು ಬಾಕಿಯಿದೆ, ತೀರ್ಪುಗಳು ಅಷ್ಟಾಗಿ ಗಮನಿಸದ ಮಾತು. ಚಾಲಕನ ಪರವಾನಗಿ ಆರು ವಾರ ಅಮಾನತಾಯಿತು ಎಂದುಕೊಳ್ಳಿ. ಸ್ವಂತ ಲಾಯವಿಲ್ಲದೆ, ಕರೆದವರ ಕುದುರೆ ಓಡಿಸಿ ಹೊಟ್ಟೆ ಹೊರೆಯುವವನಿಗೆ ಆರು ವಾರದ ದುಡಿಮೆ ಪೂರ್ತಿ ನಿಂತಂತೆ. ಅವನು ಓಡಿಸುತ್ತಿದ್ದ ಒಳ್ಳೆಯ ಕುದುರೆ ಅಷ್ಟರಲ್ಲಿ ಬೇರೆಯವನ ಕೈಗೆ ಹೋಗಿ ಮರಳಿ ಬರದೆಯೂ ಇರಬಹುದು. ಟ್ರೇನರ್ ಕೂಡ ಆಗಿರುವ ಚಾಲಕನ ಕತೆ ಹಾಗಲ್ಲ. ಅಮಾನತಾದದ್ದು ಗಾಡಿ ಓಡಿಸುವ ಪರವಾನಗಿ ಮಾತ್ರ, ತರಬೇತಿಯದಲ್ಲ. ಅವನು ಬೆಳಿಗ್ಗೆ ಎಂದಿನಂತೆ ಲಾಯಕ್ಕೆ ಹೋಗುತ್ತಾನೆ, ಸಲ್ಕಿಯ ಮೇಲೆ ಇನ್ನೊಬ್ಬನನ್ನು ಕೂರಿಸುತ್ತಾನೆ, ಕುದುರೆ ಗೆದ್ದರೆ ಟ್ರೇನರ್ ಪಾಲಿನ ಹಣವನ್ನೂ ಪಡೆಯುತ್ತಾನೆ. ಕುದುರೆಯನ್ನು ಇಂದು ಸೋಲಿಸಿ ಮುಂದಿನ ವಾರ ಒಳ್ಳೆಯ ಬೆಲೆಗೆ ಗೆಲ್ಲಿಸುವ ಆಮಿಷ ಹೆಚ್ಚಿರುವುದು ಈ ಇಬ್ಬರಲ್ಲಿ ಅವನಿಗೇ.