ಬನ್ನಿಗಿಡದ ಹೊಲದ ಮನೆ

ಸಾತ್‌ಬಾರಾ ಉತಾರದ, ಅಂದರೆ ಮಹಾರಾಷ್ಟ್ರದ ಜಮೀನು ದಾಖಲೆಯ, ಮೇಲ್ಭಾಗದಲ್ಲಿ, ಗಟ್ ನಂಬರಿನ ಆಸುಪಾಸು, ‘ಶೇತಾಚೆ ಸ್ಥಾನಿಕ ನಾವ’ ಎಂಬ ಸಾಲೊಂದಿರುತ್ತದೆ. ಈ ಹೊಲಕ್ಕೆ ಊರ ಮಂದಿ ಏನಂತಾರೆ ಎಂದು ಸರಕಾರ ಕೇಳುವ ಸಾಲು ಅದು. ನಮ್ಮ ಮನೆತನದ ಉತಾರಗಳಲ್ಲೆಲ್ಲ ಆ ಜಾಗ ಖಾಲಿ. ದೊಡ್ಡಪ್ಪನ ಮಗ, ನಮ್ಮಣ್ಣ, ದಕ್ಷಿಣ ಸೋಲಾಪುರ ತಾಲೂಕಿನ ಬೋರಾಮಣಿಯ ಹೊಲದಲ್ಲಿ ಮನೆ ಕಟ್ಟಿಸಿ, ವಾಸ್ತುಶಾಂತಿಗೆ ಎಂಟು ದಿನ ಉಳಿದಾಗ ‘ಮನಿಗೆ ಏನ್ ಹೆಸರಿಡೂಣು?’ ಎಂದು ಕಂಡಕಂಡವರನ್ನು ಕೇಳತೊಡಗಿದ. ನನಗೆ ಮೊದಲು ನೆನಪಾದದ್ದು ಆ ಖಾಲಿ ಸಾಲು.

ಸೋಲಾಪುರದಿಂದ ಹೈದರಾಬಾದಿನ ಹೆದ್ದಾರಿ ಹಿಡಿಯಿರಿ, ಇಲ್ಲವೇ ಅಕ್ಕಲಕೋಟೆಯ ಕಡೆ ಹೊರಳಿ. ಜೋಳ, ತೊಗರಿಯ ನಡುವೆ ಈಗ ಆರ್‌ಸಿಸಿ ಮನೆಗಳು ಎದ್ದಿವೆ. ಮಾಳಿಗೆಯ ಮಣ್ಣಿನ ಮನೆಗಳಿಗೆ ಹೆಸರಿನ ಫಲಕ ಇರಲಿಲ್ಲ. ಪಾಟೀಲರ ವಸ್ತಿ, ಕುಂಬಾರರ ವಸ್ತಿ ಎಂದರೆ ಸಾಕಿತ್ತು. ಈಗ ಪ್ರತಿ ಗೇಟಿನ ಕಂಬಕ್ಕೂ ಕರಿ ಗ್ರಾನೈಟ್, ಅದರಲ್ಲಿ ಬಂಗಾರದ ಬಣ್ಣದ ಅಕ್ಷರ. ಆ ಅಕ್ಷರಗಳನ್ನು ಓದುತ್ತ ಹೋದರೆ ಮನಸ್ಸು ಕುಗ್ಗುತ್ತದೆ. ಮನೆಗಳು ಬೇರೆ ಬೇರೆ, ಹೆಸರು ಮಾತ್ರ ಅವೇ ನಾಲ್ಕೈದು.

ಎಲ್ಲಕ್ಕಿಂತ ಹೆಚ್ಚು ಕಾಣುವುದು ‘ಕೃಪಾ’. ಸಿದ್ಧೇಶ್ವರ ಕೃಪಾ, ಶಿವಕೃಪಾ, ಸಮರ್ಥ ಕೃಪಾ. ಈ ಸೀಮೆಯ ಭಕ್ತಿಯ ಬಗ್ಗೆ ನನಗೆ ತಕರಾರಿಲ್ಲ. ಸಂಕ್ರಾಂತಿಗೆ ನಡೆಯುವ ಸಿದ್ಧೇಶ್ವರನ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜ ಹೊತ್ತು ನಡೆಯುವವರ ಹೆಗಲು ನೋಡಿದವರು ಅದನ್ನು ಸಂದೇಹಿಸಲಾರರು. ಆದರೆ ಹೆಸರಿಗೆ ಒಂದು ಕೆಲಸವಿದೆ: ಇದು ಈ ಮನೆ, ಆಚೆಯದಲ್ಲ ಎಂದು ಹೇಳುವುದು. ಒಂದೇ ರಸ್ತೆಯಲ್ಲಿ ಮೂರು ‘ಸಿದ್ಧೇಶ್ವರ ಕೃಪಾ’ ಇದ್ದರೆ ಆ ಕೆಲಸ ಆಗುವುದಿಲ್ಲ. ಈ ಸಿದ್ಧೇಶ್ವರನೆಂದರೆ 12ನೇ ಶತಮಾನದ ಸಿದ್ಧರಾಮ, ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೋಲಾಪುರದಲ್ಲಿ, ಕೆರೆ ಕಟ್ಟಿಸಿದವನು; ಅವನ ಭಕ್ತಿ ಮಣ್ಣು ಅಗೆದು, ನೀರು ನಿಲ್ಲಿಸಿ ತೋರಿದ ಭಕ್ತಿ. ಅವನ ಹೆಸರೇ ಬೇಕೆನ್ನುವ ರೈತ ತನ್ನ ಕೃಷಿಹೊಂಡದ ದಂಡೆಯ ಮನೆಗೆ ‘ಸಿದ್ಧರಾಮನ ಕೆರೆದಂಡೆ’ ಎಂದಿಟ್ಟರೆ ಅದರಲ್ಲಿ ದೇವರೂ ಇದ್ದಾನೆ, ಜಾಗವೂ ಇದೆ.

ಎರಡನೆಯದು ‘ಮಾತೃಛಾಯಾ’, ‘ಆಯೀಚಾ ಆಶೀರ್ವಾದ’. ತಾಯಿಯನ್ನು ನೆನೆಯುವ ಹೆಸರು ನನಗೆ ಯಾವಾಗಲೂ ಇಷ್ಟ. 1944ರಿಂದ 1956ರವರೆಗೆ ಸೋಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದ ಬೇಂದ್ರೆಯವರು ಅಂಬಿಕಾತನಯದತ್ತ ಎಂದೇ ಬರೆದರು. ಧಾರವಾಡದ ಸಾಧನಕೇರಿಯ ಅವರ ಮನೆ ‘ಶ್ರೀಮಾತಾ’. ಆದರೆ ಕಾವ್ಯನಾಮದಲ್ಲಿ ಅವರು ಬರೀ ‘ತಾಯಿ’ ಎನ್ನಲಿಲ್ಲ, ಅಂಬಿಕೆ ಎಂದು ಹೆತ್ತವಳ ಹೆಸರು ಹಿಡಿದರು ಎಂಬುದನ್ನು ನಾವು ಗಮನಿಸಬೇಕು. ‘ಮಾತೃಛಾಯಾ’ ಯಾವ ತಾಯಿಯ ನೆರಳೂ ಆಗಬಹುದು. ‘ನಿಂಗವ್ವನ ಮನಿ’ ಎಂದು ಕೆತ್ತಿಸಿದರೆ ನಿಂಗವ್ವ ಒಬ್ಬಳೇ. ಜೋಳದ ರಾಶಿಯ ಹೊತ್ತಿಗೆ ಅದೇ ಹೊಲದಲ್ಲಿ ಗಾಳಿಗೆ ಕಾಳು ತೂರಿದವಳ ಹೆಸರು ಕಲ್ಲಿನ ಮೇಲೆ ಬರಲು ನಮಗೇಕೆ ಸಂಕೋಚ? ಹಳ್ಳಿಯ ಹೆಸರೆಂದು ನಾಚಿಕೆ, ಅಷ್ಟೆ. ಆ ನಾಚಿಕೆ ಹೋಗಬೇಕು.

‘ಗ್ರೀನ್ ವ್ಯಾಲಿ’, ‘ಡ್ರೀಮ್ ಫಾರ್ಮ್’ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೋರಾಮಣಿಯ ಬಯಲಿನಲ್ಲಿ ಕಣಿವೆ ಇಲ್ಲ.

‘ಮಹಾಮನೆ’ ಎಂಬ ಹೆಸರು ಮಾತ್ರ ನನ್ನನ್ನು ಬಹಳ ಹೊತ್ತು ನಿಲ್ಲಿಸಿತು. ಬೋರಾಮಣಿಯ ಹೆದ್ದಾರಿಯೇ ನಳದುರ್ಗ, ಉಮರ್ಗಾ ದಾಟಿ ಬಸವಕಲ್ಯಾಣದ ಕಡೆ ಹೋಗುತ್ತದೆ; ಬಸವಣ್ಣನ ಮನೆಯನ್ನು ಶರಣರು ಕರೆದದ್ದೇ ಮಹಾಮನೆ ಎಂದು. ಕಟ್ಟಡ ದೊಡ್ಡದಿತ್ತೆಂದು ಬಂದ ಹೆಸರಲ್ಲ ಅದು. ಬಂದವರಿಗೆಲ್ಲ ದಾಸೋಹ ನಡೆಯುತ್ತಿತ್ತೆಂದು ಬಂದದ್ದು. ವಾರಕ್ಕೊಮ್ಮೆ ತೆರೆಯುವ, ಉಳಿದ ದಿನ ಕೀಲಿ ಹಾಕಿರುವ ತೋಟದ ಮನೆಗೆ ಅದನ್ನು ಇಡುವುದು ನನ್ನ ಮಟ್ಟಿಗೆ ತಪ್ಪು. ನಿತ್ಯ ನಾಲ್ಕು ಮಂದಿಗೆ ರೊಟ್ಟಿ ಬಡಿಯುವ ಮನೆಯಾದರೆ ಇಡಲಿ, ಒಪ್ಪುತ್ತದೆ.

ಕನ್ನಡ ಹೆಸರಿಡಲು ನಮ್ಮವರು ಹಿಂಜರಿಯುವುದಕ್ಕೆ ಇನ್ನೊಂದು ಕಾರಣ ಲಿಪಿ. ಇಲ್ಲಿ ಮನೆಯಲ್ಲಿ ಕನ್ನಡ ಮಾತಾಡಿದರೂ ಶಾಲೆಯಲ್ಲಿ ಮರಾಠಿ ಕಲಿತವರು ಬಹಳ. ಫಲಕ ದೇವನಾಗರಿಯಲ್ಲಿ ಬೇಕೇ ಬೇಕು. ಆದರೆ ದೇವನಾಗರಿಯಲ್ಲಿ ಎ, ಏ ಎರಡಕ್ಕೂ ಒಂದೇ ಅಕ್ಷರ; ಒ, ಓ ಎರಡಕ್ಕೂ ಒಂದೇ. ‘ಎರೆಹೊಲ’ ಎಂದು ಬರೆಸಿದರೆ ಮರಾಠಿ ಓದುಗ ‘ಏರೇಹೋಲ್’ ಎನ್ನುತ್ತಾನೆ. ಕನ್ನಡದ ಪ್ರಾಣವೇ ಆ ಹ್ರಸ್ವದಲ್ಲಿದೆ. ಆದ್ದರಿಂದ ಎರಡೂ ಲಿಪಿಯಲ್ಲಿ ಕೆಡದೆ ಉಳಿಯುವ ಹೆಸರು ಹುಡುಕುವುದು ಜಾಣತನ. ‘ಹಳ್ಳ’ದ ಳಕಾರ ಮರಾಠಿಗೂ ಒಗ್ಗಿದೆ. ಎರಡು ಭಾಷೆ ಒಂದೇ ಕಲ್ಲಿನ ಹತ್ತಿರ ಬಾಳುವುದು ಇಲ್ಲಿ ಹೊಸದಲ್ಲ. ಇದೇ ದಕ್ಷಿಣ ಸೋಲಾಪುರ ತಾಲೂಕಿನ ಹತ್ತರಸಂಗದಲ್ಲಿ, ಭೀಮಾ ಸೀನಾ ಕೂಡುವಲ್ಲಿ, 1018ರ ಶಾಸನವಿದೆ; ಮರಾಠಿಯ ಅತಿ ಹಳೆಯ ಬರಹಗಳಲ್ಲಿ ಅದೊಂದು. ಆ ಜಾಗದ ಹೆಸರು ಮಾತ್ರ ಅಚ್ಚಕನ್ನಡ: ಕೂಡಲ. ಮರಾಠಿ ಮಂದಿಯೂ ಇವತ್ತಿಗೂ ಕೂಡಲ ಎಂದೇ ಅನ್ನುತ್ತಾರೆ. ನೀರು ಕೂಡುವುದನ್ನು ಕಂಡವರು ಇಟ್ಟ ಹೆಸರಾದ್ದರಿಂದ ಅದು ಇಷ್ಟು ಕಾಲ ಬಾಳಿತು.

ಅಣ್ಣನ ಮನೆಗೆ ಬರುತ್ತೇನೆ. ಅವನು ‘ಶಿವಕೃಪಾ’ ಎಂದು ಹೆಚ್ಚುಕಡಿಮೆ ನಿಕ್ಕಿ ಮಾಡಿದ್ದ. ಮೂಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದ ನಮ್ಮ ಅತ್ತಿ ತಲೆ ಎತ್ತದೆ ಕೇಳಿದಳು: ‘ಯಾಕ, ಆ ಹೊಲಕ್ಕ ಹೆಸರಿಲ್ಲೇನು? ಬನ್ನಿಗಿಡದ ಹೊಲ ಅಂತೀವಲ್ಲ.’

‘ಗಿಡಾನ ಇಲ್ಲಲ್ಲ ಅತ್ತಿ ಈಗ.’

‘ಬಾವಿ ತೋಡೂಮುಂದ ಗಿಡ ನಿಮ್ಮಪ್ಪ ಕಡಿಸಿದ. ಹೆಸರು ಯಾರ್ ಕಡಿಸ್ಯಾರ?’

ಅಣ್ಣ ಸುಮ್ಮನಾದ. ನನಗೆ ಆ ಹೆಸರಿನ ಸೊಗಸು ಒಂದೊಂದಾಗಿ ತೆರೆದುಕೊಂಡಿತು. ದಸರೆಯ ಸಂಜೆ ಮರಾಠಿಗರು ಆಪಟಾ ಎಲೆ ಕೊಟ್ಟರೆ ನಾವು ಬನ್ನಿ ಕೊಟ್ಟು ಬಂಗಾರದ್ಹಾಂಗ ಇರೋಣ ಅನ್ನುತ್ತೇವೆ. ಬರೆಯುವ ಕನ್ನಡದಲ್ಲಿ ‘ಬನ್ನಿ’ ಎಂದರೆ ಬಾಗಿಲಲ್ಲಿ ನಿಂತವರನ್ನು ಒಳಗೆ ಕರೆದ ಹಾಗೆ. ದೇವನಾಗರಿಯಲ್ಲೂ ಅದರ ಉಚ್ಚಾರ ಕೆಡುವುದಿಲ್ಲ. ಕುವೆಂಪು ಅವರ ‘ಉದಯರವಿ’, ಕಾರಂತರ ‘ಬಾಲವನ’ ಕವಿ ಕಲಾವಿದರು ತಾವು ಕಟ್ಟಿದ ಹೆಸರುಗಳು. ನಮ್ಮಂಥವರಿಗೆ ಕಟ್ಟುವ ಕಷ್ಟವೇ ಬೇಡ, ಹಿರಿಯರು ಇಟ್ಟದ್ದನ್ನು ಎತ್ತಿಕೊಂಡರೆ ಆಯಿತು.

ಕಲ್ಲು ಕೆತ್ತಿಸುವುದು ಸುಲಭವಾಗಲಿಲ್ಲ. ಕೆತ್ತುವವನು ದೇವನಾಗರಿಗೆ ಒಗ್ಗಿದವನು. ಮೇಲೊಂದು ಗೆರೆ ಎಳೆದು ಅಕ್ಷರಗಳನ್ನು ಅದಕ್ಕೆ ನೇತುಹಾಕುವ ರೂಢಿ. ಕನ್ನಡದ ಒತ್ತು ಕೆಳಗೆ ಇಳಿಯುತ್ತದೆ ಎಂಬುದು ಅವನ ಅಳತೆಯಲ್ಲಿರಲಿಲ್ಲ. ಮೊದಲ ಸಲ ತೆಗೆದ ಕಾಗದದಲ್ಲಿ ‘ನ್ನಿ’ಯ ಒತ್ತು ಕೆಳಗಿನ ದೇವನಾಗರಿ ಸಾಲಿನ ಗೆರೆಗೆ ತಾಗಿ, ನ ಯಾವುದು, ಗೆರೆ ಯಾವುದು ತಿಳಿಯದಂತಾಗಿತ್ತು. ನಡುವೆ ಒಂದು ಇಂಚು ಜಾಗ ಬಿಡಿಸಿದೆವು. ಕಲ್ಲಿನ ಎತ್ತರ ಹೆಚ್ಚಿತು, ದುಡ್ಡೂ ಸ್ವಲ್ಪ ಹೆಚ್ಚಿತು. ಮೇಲೆ ಕನ್ನಡದಲ್ಲಿ ‘ಬನ್ನಿಗಿಡ’, ಕೆಳಗೆ ಅದೇ ಹೆಸರು ದೇವನಾಗರಿಯಲ್ಲಿ. ನಾನು ಈ ರಸ್ತೆಯಲ್ಲಿ ಓದಿದ ಫಲಕಗಳಲ್ಲಿ ಇದು ಉತ್ತಮವಾದದ್ದು ಎಂದು ಅಭಿಮಾನ ಬದಿಗಿಟ್ಟೂ ಹೇಳಬಲ್ಲೆ.

ಹೊಲದಲ್ಲಿ ಮನೆ ಕಟ್ಟಿಸುತ್ತಿರುವ ಸೋಲಾಪುರ, ಅಕ್ಕಲಕೋಟೆ ಸೀಮೆಯವರಲ್ಲಿ ಒಂದು ವಿನಂತಿ. ಗ್ರಾನೈಟ್ ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಎಲ್ಲರಿಗಿಂತ ಹಿರಿಯರಾದವರ ಹತ್ತಿರ ವಹಿ ಹಿಡಿದು ಕೂತುಕೊಳ್ಳಿ. ನಿಮ್ಮ ಹೊಲಗಳ ಹೆಸರು, ಬಾಜೂ ಹೊಲಗಳ ಹೆಸರು ಕೇಳಿ ಬರೆದುಕೊಳ್ಳಿ. ನಮ್ಮ ಅತ್ತಿ ಒಂದೇ ಮಧ್ಯಾಹ್ನ ಹದಿನಾಲ್ಕು ಹೆಸರು ಹೇಳಿದಳು. ಅದರಲ್ಲಿ ಐದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.