ಪೈಠಣಿಯೂ ಪುಸ್ತಕವೂ

ಕಳೆದ ಜುಲೈ ಕೊನೆಯ ವಾರದ ಮಾತು. ಬೇಡಕಿಹಾಳದಲ್ಲಿ ಮೂರು ದಿನದಿಂದ ಮಳೆ ಹಿಡಿದಿತ್ತು. ದೂಧಗಂಗೆ ತುಂಬಿತೆಂದರೆ ನಮ್ಮ ಸೀಮೆಯಲ್ಲಿ ಮೊದಲು ಕೆಳಮಟ್ಟದ ಸೇತುವೆಗಳು ಮುಳುಗುತ್ತವೆ, ಆಮೇಲೆ ಶಾಲೆಯ ಹಾಜರಿ ಇಳಿಯುತ್ತದೆ. ಅಂದು ನನ್ನ ತರಗತಿಗೆ ಬಂದವರು ಹನ್ನೊಂದೇ ಮಕ್ಕಳು. ಪಾಠ ಮುಂದೆ ಓಡಿಸಿದರೆ ಬಾರದವರು ಹಿಂದೆ ಬೀಳುತ್ತಾರೆ. ಎರಡು ಗುಂಪು ಮಾಡಿ ರಸಪ್ರಶ್ನೆ ಆಡಿಸಿದೆ. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು ಯಾರು, ಕೃಷ್ಣೆ ಹುಟ್ಟುವುದು ಎಲ್ಲಿ, ಹೀಗೆ ಎಂದಿನ ಪ್ರಶ್ನೆಗಳೇ. ಹೊಳೆಯ ಕಡೆಯ ತೋಟದ ವಸ್ತಿಯಿಂದ ತಲೆಗೆ ಗೊಬ್ಬರದ ಚೀಲ ಹೊದ್ದು ಬಂದಿದ್ದ ಹುಡುಗಿಯೊಬ್ಬಳು ಎದ್ದು ನಿಂತು, “ಅಕ್ಕೋರ, ನಾವೂ ನಿಮಗ ಒಂದು ಕೇಳೂಣೇನ್ರಿ?” ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. “ನಾಳಿ ಕೇಳವಾ” ಎಂದು ಕೊಡೆ ಹುಡುಕತೊಡಗಿದೆ.

ಮನೆಗೆ ಬಂದು ತೊಯ್ದ ಸೀರೆ ಬದಲಿಸುವುದರೊಳಗೆ ಅತ್ತೆ ಕಾಂದಾಭಜಿಗೆ ಹಿಟ್ಟು ಕಲಸಿದ್ದರು. ಮಗಳು ತನ್ನ ಮೊಬೈಲನ್ನು ಟೀವಿಗೆ ಜೋಡಿಸಿ ಏನು ಹಚ್ಚಲಿ ಎಂದಳು. ಹಳೆಯದೇನಾದರೂ ಹಚ್ಚು ಎಂದೆ. ಮೊದಲು ಬಂದದ್ದು ಚಂದನದ ‘ಥಟ್ ಅಂತ ಹೇಳಿ’.

ನಿಮ್ಮಲ್ಲಿ ಅನೇಕರು ಇದನ್ನು ನೋಡಿಯೇ ಇರುತ್ತೀರಿ. 2002ರ ಜನವರಿಯಲ್ಲಿ ಶುರುವಾದ ಈ ಕಾರ್ಯಕ್ರಮವನ್ನು ವೈದ್ಯರೂ ಲೇಖಕರೂ ಆದ ಡಾ. ನಾ. ಸೋಮೇಶ್ವರ ನಡೆಸಿಕೊಟ್ಟರು. ಮೂರು ಸಾವಿರಕ್ಕೂ ಹೆಚ್ಚು ಕಂತು ಕಂಡ ಆಟವಿದು. ಸರಿಯುತ್ತರಕ್ಕೆ ಇಲ್ಲಿ ಸಿಗುವುದು ಕನ್ನಡ ಪುಸ್ತಕ. ಅಷ್ಟೇ ಮುಖ್ಯವಾದ ಇನ್ನೊಂದು ಗುಣವೆಂದರೆ, ಇಲ್ಲಿ ಯಾರೂ ಬೆವರುವುದಿಲ್ಲ. ತಪ್ಪಿದವರನ್ನು ನಗೆಗೀಡು ಮಾಡುವುದಿಲ್ಲ. ಉತ್ತರದ ಜೊತೆಗೆ ನಾಲ್ಕು ಮಾತಿನ ವಿವರಣೆ ಕೊಟ್ಟು ಮುಂದೆ ಹೋಗುತ್ತಾರೆ.

ಇದರ ಪಕ್ಕದಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ಯನ್ನು ಇಟ್ಟು ನೋಡಿ. 2000ದ ಜುಲೈ 3ರಂದು ಸ್ಟಾರ್ ಪ್ಲಸ್‌ನಲ್ಲಿ ಅಮಿತಾಭ್ ಬಚ್ಚನ್ ಅದನ್ನು ಆರಂಭಿಸಿದಾಗ ದೇಶವೇ ಟೀವಿಯ ಮುಂದೆ ಕೂತಿತು. ಅಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಎದೆಬಡಿತವೇ ಆಟ. ಅದಕ್ಕಾಗಿಯೇ ಆ ಸಂಗೀತ, ಆ ದೀಪ, ಆ ಮೌನ. 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ ಬಂದಾಗ ಪುನೀತ್ ರಾಜ್‌ಕುಮಾರ್ ಅವರ ನಗು ಆ ಭಯವನ್ನು ಎಷ್ಟೋ ಇಳಿಸಿತು. ಆದರೂ ಅಚ್ಚು ಅದೇ. ಕೋಟಿ ರೂಪಾಯಿ ಎದುರಿಗಿದ್ದರೆ ನೋಡುವವಳು ಉತ್ತರ ಮರೆತು ಹಣ ಎಣಿಸುತ್ತಾಳೆ. ಪುಸ್ತಕ ಎದುರಿಗಿದ್ದರೆ ಉತ್ತರವನ್ನು ತಾನೇ ಹೇಳಿಬಿಡುತ್ತಾಳೆ. ಪಡಸಾಲೆಯ ಟೀವಿಗೆ ಕಿವಿಗೊಟ್ಟು ರೊಟ್ಟಿ ಬಡಿಯುತ್ತ ನಾನು ಎಷ್ಟು ಉತ್ತರ ಕೂಗಿ ಹೇಳಿದ್ದೇನೋ ಲೆಕ್ಕವಿಲ್ಲ.

ಒಂದು ಕಂತು ಮುಗಿಯಿತು. ಅತ್ತೆ ಮೊಮ್ಮಗಳಿಗೆ, “ಆ ಪೈಠಣಿದ್ದು ಹಚ್ಚವಾ” ಎಂದರು.

ಗಡಿಯ ಮನೆಗಳಲ್ಲಿ ಎರಡು ಭಾಷೆಯ ಟೀವಿ ಹೊಸದೇನಲ್ಲ. ಅತ್ತೆಯ ತವರು ಇಚಲಕರಂಜಿಯ ಕಡೆ. ಅವರು ಕೇಳಿದ್ದು ಝೀ ಮರಾಠಿಯಲ್ಲಿ 2004ರಲ್ಲಿ ಆರಂಭವಾಗಿ 2022ರಲ್ಲಿ ಮುಗಿದ ‘ಹೋಮ್ ಮಿನಿಸ್ಟರ್’. ಆದೇಶ್ ಬಾಂದೇಕರ್ ಮನೆಮನೆಗೆ ಹೋಗಿ ಗೃಹಿಣಿಯರನ್ನು ‘ವಹಿನಿ’ ಎಂದು ಮಾತಾಡಿಸುತ್ತಿದ್ದರು. ಅವರಿಗೆ ಇವರು ‘ಭಾವೋಜಿ’. ಮದುವೆಯಾದ ಬಗೆ ಕೇಳಿ, ಒಡಪಿನಲ್ಲಿ ಗಂಡನ ಹೆಸರು ಹೇಳಿಸಿ, ಸಣ್ಣಪುಟ್ಟ ಆಟ ಆಡಿಸಿ, ಗೆದ್ದವಳಿಗೆ ಪೈಠಣಿ ಸೀರೆ ಕೊಡುತ್ತಿದ್ದರು.

ಆಗ ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಸೀರೆಯ ಆಸೆ ತೋರಿಸಿ ಹೆಂಗಸರನ್ನು ಕುಣಿಸುತ್ತಾರೆ ಎಂದು ವಾದಿಸುತ್ತಿದ್ದೆ. ಸಂಜೆ ಅದು ಬರುವ ಹೊತ್ತಿಗೆ ಸರಿಯಾಗಿ, ಹುಡುಗರ ಅಭ್ಯಾಸದ ಟೈಮ್ ಎಂದು ಟೀವಿ ಆರಿಸುತ್ತಿದ್ದೆ. ಅತ್ತೆ ಏನೂ ಅನ್ನದೆ ಒಳಗೆ ಹೋಗಿ ಬೆಳ್ಳುಳ್ಳಿ ಸುಲಿಯುತ್ತ ಕೂಡುತ್ತಿದ್ದರು. ರಾತ್ರಿ ನಾನು ಚಂದನ ಹಚ್ಚುವಾಗ ಮಾತ್ರ ಅದೇ ಹುಡುಗರ ಅಭ್ಯಾಸ ನನಗೆ ನೆನಪಾಗುತ್ತಿರಲಿಲ್ಲ.

ಅಂದು ಸಂಜೆ ಮೂವರೂ ಕೂತು ನೋಡಿದೆವು. “ಇದರಾಗ ನಿಮಗೇನ್ ಸೇರತಿತ್ತು ಅತ್ತಿ?” ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ಕೇಳಿದ್ದು ಅದೇ ಮೊದಲು. ಅವರು ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: “ನನ್ನ ಮದುವ್ಯಾಗಿ ಐವತ್ತೆರಡು ವರ್ಷಾತು ತಂಗಿ. ನಿನಗೇನ್ ಬೇಕು, ಏನ್ ಬ್ಯಾಡ ಅಂತ ನನ್ನ ಯಾರ ಕೇಳ್ಯಾರ? ಅಂವ ಕಂಡಕಂಡ ಹೆಣಮಕ್ಕಳನ್ನ ಕೇಳತಿದ್ದ. ಅದಕ್ಕ ನೋಡ್ತಿದ್ನಿ.”

ನನ್ನ ಟೀಕೆಯನ್ನು ನಾನು ಪೂರ್ತಿ ಹಿಂದಕ್ಕೆ ತೆಗೆದುಕೊಳ್ಳಲಾರೆ. ‘ಹೋಮ್ ಮಿನಿಸ್ಟರ್’ ಹೆಣ್ಣಿನ ಬದುಕನ್ನು ಕೇಳಿತು, ಬುದ್ಧಿಯನ್ನು ಕೇಳಲಿಲ್ಲ. ಹತ್ತಾರು ವರ್ಷ ಮನೆ ತೂಗಿಸಿದ ಅವಳ ಲೆಕ್ಕಾಚಾರಕ್ಕೆ ಅಲ್ಲಿ ಅಂಕವಿಲ್ಲ. ಸೀರೆ ಸಿಗುವುದು ಚುರುಕಾಗಿ ಆಡಿದ್ದಕ್ಕೆ. ಮಂತ್ರಿ ಎಂಬ ಬಿರುದೂ ಹೊಸ್ತಿಲ ಒಳಗಷ್ಟೇ. ‘ಥಟ್ ಅಂತ ಹೇಳಿ’ ಬುದ್ಧಿಯನ್ನು ಗೌರವದಿಂದ ಕೇಳಿತು, ಆದರೆ ಹೆಚ್ಚಾಗಿ ಓದಿ ಬಂದ ಬುದ್ಧಿಯನ್ನು. ಎರಡನೆಯ ಇಯತ್ತೆಗೇ ಸಾಲೆ ಬಿಟ್ಟು ತಂಬಾಕಿನ ಹೊಲಕ್ಕೆ ಹೋದ ನನ್ನ ಅತ್ತೆಗೆ ಅಲ್ಲಿ ಕುರ್ಚಿ ಇರಲಿಲ್ಲ. ನಿಪ್ಪಾಣಿ ಸೀಮೆಯ ಬೀಡಿ ತಂಬಾಕಿನ ಎಲೆಯನ್ನು ಬೆರಳಲ್ಲಿ ಮುಟ್ಟಿ ಹದ ಹೇಳುವ ತಿಳಿವಳಿಕೆ ಅವರದು. ಅದಕ್ಕೆ ಪುಸ್ತಕ ಕೊಡುವವರೂ ಇಲ್ಲ, ಪೈಠಣಿ ಕೊಡುವವರೂ ಇಲ್ಲ. ಆಟದ ಯೋಗ್ಯತೆಯನ್ನು ಬಹುಮಾನದಿಂದ ಅಳೆಯುತ್ತ ಬಂದದ್ದು ನನ್ನ ತಪ್ಪು. ಯಾರನ್ನು, ಏನನ್ನು ಕೇಳುತ್ತಾರೆ ಎಂಬುದರಿಂದ ಅಳೆಯಬೇಕಿತ್ತು.

ಇಷ್ಟರಲ್ಲಿ ಕರೆಂಟ್ ಹೋಯಿತು. ಮಗಳು ಮುಖ ಸಣ್ಣದು ಮಾಡಿದಳು. “ಅತ್ತಿ, ನೀವ ಏನರ ಕೇಳ್ರಿ. ನಾ ಥಟ್ ಅಂತ ಹೇಳತೇನಿ” ಎಂದೆ.

“ಹೊರಗ ಬೀಳಾಕತ್ತೈತಲ್ಲಾ, ಯಾವ ಮಳಿ ಅದು?”

ಅಶ್ವಿನಿಯಿಂದ ರೇವತಿಯವರೆಗೆ ಇಪ್ಪತ್ತೇಳೂ ನಕ್ಷತ್ರ ನನಗೆ ಬಾಯಿಪಾಠ. ಸೂರ್ಯ ಒಂದೊಂದರಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಮಳೆಗೂ ಅದೇ ಹೆಸರು ಎಂದು ಮಕ್ಕಳಿಗೆ ಹೇಳಿಕೊಟ್ಟವಳೂ ನಾನೇ. ಹೆಂಚಿನ ಮೇಲೆ ಸುರಿಯುತ್ತಿದ್ದ ಮಳೆಯ ಹೆಸರು ಮಾತ್ರ ಬಾಯಿಗೆ ಬರಲಿಲ್ಲ. “ಆರಿದ್ರಾ?” ಎಂದೆ.

“ಅದು ಹೋಗಿ ಮೂರು ವಾರಾತು. ಪುನರ್ವಸುನೂ ಹೋತು. ಇದು ಪುಷ್ಯ. ಮುಂದ ಆಶ್ಲೇಷಾ ಐತಿ” ಎಂದರು ಅತ್ತೆ. ತಟ್ಟೆಯಲ್ಲಿ ಉಳಿದಿದ್ದ ಕಡೆಯ ಭಜಿಯನ್ನು ಮಗಳು ಅವರ ಕೈಗೆ ಬಹುಮಾನವಾಗಿ ಇಟ್ಟಳು.

ಮರುದಿನವೂ ಮಳೆ. ಹಾಜರಿ ಒಂಬತ್ತಕ್ಕೆ ಇಳಿದಿತ್ತು. ಆ ಹುಡುಗಿ ಬಂದಿದ್ದಳು. ಮೊದಲ ಪೀರಿಯಡ್ಡಿನಲ್ಲೇ ಎಬ್ಬಿಸಿ, “ಕೇಳವಾ” ಎಂದೆ. ಅವಳು ಕೈ ಕಟ್ಟಿ ಕೇಳಿದಳು: “ಅಕ್ಕೋರ, ಕೊಲ್ಹಾಪುರ ಕಡೀ ಕಾಳಮ್ಮವಾಡಿ ಡ್ಯಾಮಿನ್ಯಾಗ ನೀರ ಬಿಟ್ರ, ನಮ್ಮ ಹೊಳಿಗಿ ಎಷ್ಟ ಹೊತ್ತಿಗಿ ಬರತೈತ್ರಿ?”

ನನಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಅವರ ದನದ ಕೊಟ್ಟಿಗೆ ಹೊಳೆಯ ದಂಡೆಗೇ ಇದೆ.