ಬಿಷಪನ ದಾರ, ದೊರೆಯ ಕಿರೀಟ

ಬಯೂ ಟ್ಯಾಪೆಸ್ಟ್ರಿ ಎಂದು ಹೆಸರಾಗಿದ್ದರೂ ಅದು ನೇಯ್ದದ್ದಲ್ಲ. ಲಿನನ್ ಬಟ್ಟೆಯ ಮೇಲೆ ಬಣ್ಣದ ಉಣ್ಣೆಯ ದಾರದಿಂದ ಹಾಕಿದ ಕಸೂತಿ. ಉದ್ದ ಸುಮಾರು 68 ಮೀಟರ್, ಅಗಲ ಅರ್ಧ ಮೀಟರ್. ನಾರ್ಮಂಡಿಯ ಡ್ಯೂಕ್ ವಿಲಿಯಂ 1066ರಲ್ಲಿ ಹೇಸ್ಟಿಂಗ್ಸ್ ಕದನದಲ್ಲಿ ಇಂಗ್ಲೆಂಡಿನ ದೊರೆ ಹೆರಾಲ್ಡನನ್ನು ಸೋಲಿಸಿದ ಕಥೆ ಅದರಲ್ಲಿದೆ. ಗೆದ್ದವನ ವಿಜಯಗಾಥೆ ಎಂದೇ ಅದನ್ನು ಓದುವುದು ರೂಢಿ. ನನಗೆ ಮಾತ್ರ ಅದು ದೊರೆಗಿಂತ ಹೆಚ್ಚಾಗಿ ಚರ್ಚಿನ ಕೃತಿ ಅನ್ನಿಸುತ್ತದೆ. ಯಾರು ರಾಜ ಎಂಬುದನ್ನು ಕತ್ತಿ ತೀರ್ಮಾನಿಸಿತು, ನಿಜ. ಅವನು ಯಾಕೆ ರಾಜ ಎಂದು ಹೇಳುವ ಹಕ್ಕು ತನ್ನದು ಎನ್ನುತ್ತದೆ ಈ ಸೂಜಿ.

ಕಥೆಯ ತಿರುವು ಇರುವುದು ಯುದ್ಧದಲ್ಲಲ್ಲ, ಒಂದು ಆಣೆಯಲ್ಲಿ. ಹೆರಾಲ್ಡ್ ಎರಡೂ ಕೈ ಚಾಚಿ, ಸಂತರ ಅವಶೇಷಗಳ ಪೆಟ್ಟಿಗೆಗಳನ್ನು ಮುಟ್ಟಿ ವಿಲಿಯಮನಿಗೆ ಪ್ರಮಾಣ ಮಾಡುತ್ತಾನೆ. ಏನೆಂದು ಪ್ರಮಾಣ? ಮೇಲಿರುವ ಲ್ಯಾಟಿನ್ ಸಾಲು ಹೇಳುವುದಿಲ್ಲ. ಎಲ್ಲಿ? ವಿಲಿಯಮನ ಆಸ್ಥಾನದ ಪಾದ್ರಿಯಾಗಿದ್ದ ಚರಿತ್ರಕಾರ ವಿಲಿಯಂ ಆಫ್ ಪ್ವಾತಿಯೇ ಬೊನ್‌ವಿಲ್ ಎನ್ನುತ್ತಾನೆ. ಕಸೂತಿಯಾದರೋ ಡ್ಯೂಕ್ ಬಯೂವಿಗೆ ಬಂದದ್ದನ್ನು ತೋರಿಸಿ ಪಕ್ಕದಲ್ಲೇ ಆಣೆಯ ದೃಶ್ಯ ಇಡುತ್ತದೆ. ಬಯೂವಿನ ಬಿಷಪ್ ಓಡೋ, ವಿಲಿಯಮನ ತಾಯಿಯ ಇನ್ನೊಬ್ಬ ಮಗ. ಈ ಕಸೂತಿ ಮಾಡಿಸಿದವನು ಅವನೇ ಎಂಬುದು ಹೆಚ್ಚಿನ ವಿದ್ವಾಂಸರ ಊಹೆ. ಸಿಂಹಾಸನದ ಹಕ್ಕಿಗೆ ಮೂಳೆಗಳು ಸಾಕ್ಷಿ. ಆ ಮೂಳೆಗಳನ್ನು ಕಾಯುವವನು ಬಿಷಪ್.

ಹೆರಾಲ್ಡನ ಪಟ್ಟಾಭಿಷೇಕದ ಚಿತ್ರ ಇನ್ನೂ ಜಾಣತನದ್ದು. ಅವನ ಪಕ್ಕದಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸ್ಟಿಗಂಡ್ ನಿಂತಿದ್ದಾನೆ, ಹೆಸರಿನ ಸಮೇತ. ಸ್ಟಿಗಂಡನ ಪದವಿಯನ್ನು ರೋಮ್ ಒಪ್ಪಿರಲಿಲ್ಲ. ಕಳಂಕಿತ ಕೈ ಹರಸಿದ ಕಿರೀಟವೂ ಕಳಂಕಿತ ಎಂದು ನೋಡುಗ ತಾನೇ ತಿಳಿಯಬೇಕು. ಆದರೆ ಹೆರಾಲ್ಡನಿಗೆ ಕಿರೀಟವಿಟ್ಟವನು ಯಾರ್ಕಿನ ಆರ್ಚ್‌ಬಿಷಪ್ ಆಲ್ಡ್ರೆಡ್ ಎಂದು ಇಂಗ್ಲೆಂಡಿನ ಒಂದು ವೃತ್ತಾಂತ ಹೇಳುತ್ತದೆ. ಅದೇ ವರ್ಷ ಡಿಸೆಂಬರ್ 25ರಂದು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ವಿಲಿಯಮನಿಗೆ ಕಿರೀಟವಿಟ್ಟವನೂ ಆಲ್ಡ್ರೆಡನೇ. ಇಬ್ಬರಿಗೂ ಒಂದೇ ಕೈ ಎಂದರೆ ವಾದ ನಿಲ್ಲುವುದು ಕಷ್ಟ.

ಓಡೋ ತನ್ನನ್ನೂ ಮರೆತಿಲ್ಲ. ಯುದ್ಧಕ್ಕೆ ಮುಂಚಿನ ಊಟವನ್ನು ಹರಸುವವನು ಅವನು. ಮಂತ್ರಾಲೋಚನೆಯಲ್ಲಿ ಅಣ್ಣನ ಪಕ್ಕ ಕೂತವನು ಅವನು. ಕದನದಲ್ಲಿ ದೊಣ್ಣೆ ಹಿಡಿದು, ಕುದುರೆಯೇರಿ ಹುಡುಗರನ್ನು ಹುರಿದುಂಬಿಸುವವನೂ ಅವನೇ.

ಕಸೂತಿ ಹೇಳದೆ ಬಿಟ್ಟದ್ದು ಈ ವ್ಯವಹಾರದ ಇನ್ನೊಂದು ಮಗ್ಗುಲು. ವಿಲಿಯಂ ಚರ್ಚಿನಿಂದ ಪಡೆದ, ಚರ್ಚಿಗೆ ಬಾಗಲಿಲ್ಲ. 1070ರಲ್ಲಿ ಸ್ಟಿಗಂಡನನ್ನು ಇಳಿಸಿ ಲ್ಯಾನ್‌ಫ್ರಾಂಕ್‌ನನ್ನು ತಂದ. ಚರ್ಚಿಗೆ ಬೇರೆ ನ್ಯಾಯಾಲಯ ಕೊಟ್ಟ. ಆದರೆ ತನ್ನ ಒಪ್ಪಿಗೆಯಿಲ್ಲದೆ ಪೋಪನ ಪತ್ರ ರಾಜ್ಯದೊಳಗೆ ಬರಕೂಡದೆಂದ. ಪೋಪ್ ಏಳನೇ ಗ್ರೆಗರಿ ನಿಷ್ಠೆಯ ಪ್ರಮಾಣ ಕೇಳಿದಾಗ ಸಾರಾಸಗಟು ನಿರಾಕರಿಸಿದ. 1082ರಲ್ಲಿ ಓಡೋನನ್ನೇ ಸೆರೆಗೆ ಹಾಕಿದ. ಬಿಷಪನನ್ನು ಹಿಡಿಯುವುದು ಹೇಗೆ ಎಂಬ ಅಳುಕಿಗೆ ಲ್ಯಾನ್‌ಫ್ರಾಂಕನೇ ದಾರಿ ತೋರಿಸಿದ ಎಂಬ ಕಥೆಯಿದೆ: ಹಿಡಿಯುವುದು ಬಯೂವಿನ ಬಿಷಪನನ್ನಲ್ಲ, ಕೆಂಟ್‌ನ ಅರ್ಲ್‌ನನ್ನು. ಎರಡು ಟೊಪ್ಪಿಗೆ ಹಾಕಿಕೊಂಡವನನ್ನು ಒಂದು ಟೊಪ್ಪಿಗೆಯ ಹೆಸರಲ್ಲಿ ಕಟ್ಟಿಹಾಕಿದರು.

ಇಷ್ಟೇ ಆಗಿದ್ದರೆ ಈ ಕೃತಿಯನ್ನು ಜಾಣ ಪ್ರಚಾರವೆಂದು ಮಡಚಿಡಬಹುದಿತ್ತು. ಆದರೆ ಕದನಕ್ಕೆ ತುಸು ಮುಂಚೆ ಇನ್ನೊಂದು ದೃಶ್ಯವಿದೆ. ಇಬ್ಬರು ಒಂದು ಮನೆಗೆ ಬೆಂಕಿ ಹಚ್ಚುತ್ತಿದ್ದಾರೆ. ಮಗುವಿನ ಕೈ ಹಿಡಿದು ಹೆಂಗಸೊಬ್ಬಳು ಹೊರಗೆ ಬರುತ್ತಿದ್ದಾಳೆ. ಅವಳಿಗೆ ಹೆಸರಿಲ್ಲ. ಆಣೆ, ಮೂಳೆ, ಕಿರೀಟ ಯಾವುದೂ ಅವಳ ಲೆಕ್ಕಕ್ಕೆ ಬರುವುದಿಲ್ಲ. ಮಾಡಿಸಿದವನ ವಾದಕ್ಕೆ ಅವಳು ಬೇಕಾಗಿರಲಿಲ್ಲ. ಹೊಲಿದ ಕೈಗಳಿಗೆ ಬೇಕಾಗಿತ್ತೇನೋ. ಕಸೂತಿಯ ಕೊನೆಯ ತುಂಡು ಹರಿದುಹೋಗಿದೆ, ವಿಲಿಯಮನ ಪಟ್ಟಾಭಿಷೇಕ ಅದರಲ್ಲಿ ನಮಗೆ ಸಿಗುವುದಿಲ್ಲ. ಆ ಹೆಂಗಸು ಮಾತ್ರ ಉಳಿದಿದ್ದಾಳೆ.